ಪಾರ್ಟಿ ಕಾಫಿ ಕ್ಲಬ್ಬಿನ ಗುರುಶಾಂತಪ್ಪ

ಆ ಸೋಮವಾರದ ಬೆಳಗೂ ಎಲ್ಲ ಸೋಮವಾರಗಳ ಹಾಗೆಯೇ ಶುರುವಾಯಿತು. ಒಲೆ ಹಚ್ಚಿದೆ. ಮಾವನವರ ಪೂಜೆಗೆ ಪತ್ರೆ ತೊಳೆದು ತಟ್ಟೆಯಲ್ಲಿಟ್ಟೆ. ಅಕ್ಕಿ ಹಿಟ್ಟನ್ನು ಬಿಸಿನೀರಿಗೆ ಹಾಕಿ ತೊಳಸಿ, ಆರುವ ಮೊದಲೇ ನಾದಿ ರೊಟ್ಟಿ ತಟ್ಟಿದೆ. ಹೊರಗೆ ಸಂತೆಗೆ ಬರುವ ಗಾಡಿಗಳ ಸದ್ದು ಆಗಲೇ ಶುರುವಾಗಿತ್ತು. ಯಜಮಾನರು ರೊಟ್ಟಿ ಮುರಿಯುತ್ತ, ತಟ್ಟೆಯಿಂದ ಕಣ್ಣೆತ್ತದೆ ಕೇಳಿದರು: "ಇವತ್ತು ನೀನು ಕ್ಲಬ್ಬಿಗೆ ಹೋಗ್ಲೇಬೇಕಾ?"

"ಸೋಮವಾರ ಅಲ್ವಾ, ಕಾಗದ ಇರ್ತವೆ" ಎಂದೆ.

"ಹ್ಞೂಂ" ಎಂದು ಇನ್ನೊಂದು ರೊಟ್ಟಿ ಹಾಕಿಸಿಕೊಂಡರು. ಮೂರು ತಿನ್ನುವವರು ಅವತ್ತು ನಾಲ್ಕು ತಿಂದರು. ಅದು ನನ್ನ ಗಮನಕ್ಕೆ ಬಂತು. ಯಾಕೆಂದು ಕೇಳಲಿಲ್ಲ.

ಕ್ಲಬ್ಬು ಎಂದರೆ ಇಸ್ಪೀಟಿನ ಕ್ಲಬ್ಬಲ್ಲ. ಆಗ ನಮ್ಮ ಕಡೆ ಕಾಫಿ ಹೋಟೆಲಿಗೆ ಕಾಫಿ ಕ್ಲಬ್ಬು ಎನ್ನುತ್ತಿದ್ದರು. ಕೊಡಗು ಇನ್ನೂ ತನ್ನದೇ ಒಂದು ರಾಜ್ಯ; ಮಡಿಕೇರಿಯಲ್ಲಿ ಚೀಫ್ ಕಮಿಷನರು, ಮಂತ್ರಿಗಳು, ಅಸೆಂಬ್ಲಿ ಎಲ್ಲ ಇದ್ದ ಕಾಲ. ಸೋಮವಾರಪೇಟೆಯ ಸಂತೆಬೀದಿಯಲ್ಲಿ ನಮ್ಮ ಪಕ್ಷದವರು ಒಂದು ಕಾಫಿ ಕ್ಲಬ್ಬು ನಡೆಸುತ್ತಿದ್ದರು. ಅಟ್ಟದ ಮೇಲೆ ಪಕ್ಷದ ಕಚೇರಿ, ಕೆಳಗೆ ಕಾಫಿ. ಕಾಫಿ ಕುಡಿಯಲು ಬಂದವರು ಭಾಷಣವನ್ನೂ ಕೇಳಿಕೊಂಡು ಹೋಗಲಿ ಎಂಬುದು ಲೆಕ್ಕಾಚಾರ. ಕೊಡಗು ಮೈಸೂರಿಗೆ ಸೇರಬೇಕೋ ಬೇರೆಯಾಗಿಯೇ ಇರಬೇಕೋ ಎಂಬ ಜಗಳದಲ್ಲಿ ನಮ್ಮ ಪಕ್ಷ ಯಾವ ಕಡೆಗಿತ್ತು ಎಂದು ಇಲ್ಲಿ ಬರೆಯುವುದಿಲ್ಲ. ಯಾವ ಕಡೆಯವರಾಗಿದ್ದರೂ ಹೀಗೇ ಮಾಡುತ್ತಿದ್ದರು ಎಂದು ನನ್ನ ಎಣಿಕೆ.

ಮನೆತನದ ಹೆಂಗಸರು ಹೋಟೆಲಿಗೆ ಕಾಲಿಡುವ ಕಾಲವಲ್ಲ ಅದು. ಆದರೆ ನಮ್ಮ ಯಜಮಾನರು ಏಲಕ್ಕಿ ವ್ಯಾಪಾರದ ಜೊತೆಗೆ ಪಕ್ಷದ ಊರ ಕಾರ್ಯದರ್ಶಿಯೂ ಆಗಿದ್ದರು. ಮಡಿಕೇರಿಗೆ ಕಾಗದ ಇಂಗ್ಲಿಷಿನಲ್ಲೇ ಹೋಗಬೇಕು. ನಾನು ಮಡಿಕೇರಿಯ ಕಾನ್ವೆಂಟಿನಲ್ಲಿ ಓದಿದವಳು. ನನ್ನ ಅಕ್ಷರ ಮುತ್ತು ಪೋಣಿಸಿದ ಹಾಗಿದೆ ಎಂದು ಮದುವೆಗೆ ಮುಂಚೆಯೇ ಇವರ ಕಡೆಯವರು ಕೇಳಿ ತಿಳಿದಿದ್ದರಂತೆ. ಹಾಗಾಗಿ ವಾರಕ್ಕೆರಡು ದಿನ ಹಿತ್ತಲ ಬಾಗಿಲಿನಿಂದ ಕ್ಲಬ್ಬಿನ ಒಳಗೆ ಹೋಗಿ, ಅಡುಗೆಮನೆಯ ಪಕ್ಕದ ಕೋಣೆಯಲ್ಲಿ ಕೂತು ಕಾಗದ ಬರೆದುಕೊಡುತ್ತಿದ್ದೆ. ಆ ಕೋಣೆಗೆ ಒಂದು ಸಣ್ಣ ಕಿಟಕಿ. ಅದರಿಂದ ಒಲೆಯೂ ಕಾಣುತ್ತಿತ್ತು, ಹೊರಗಿನ ಬೆಂಚೂ ಕಾಣುತ್ತಿತ್ತು. ಒಲೆಯ ಮುಂದೆ ಸದಾ ಗುರುಶಾಂತಪ್ಪ.

ಗಿಡ್ಡ ಆಳು. ಎದೆಯ ಮೇಲೆ ಬಿಳಿ ಬಟ್ಟೆಯಲ್ಲಿ ಕಟ್ಟಿದ ಲಿಂಗ, ಹಣೆಯ ಮೇಲೆ ವಿಭೂತಿ. ಹೊತ್ತು ಏರಿದ ಹಾಗೆ ಕಾಫಿಯ ಹಬೆಗೆ ಆ ವಿಭೂತಿ ಒದ್ದೆಯಾಗಿ ಹುಬ್ಬಿನವರೆಗೆ ಇಳಿಯುತ್ತಿತ್ತು. ಹುಣಸೆಹಣ್ಣು, ಬೂದಿ ಹಾಕಿ ಹಿತ್ತಾಳೆ ಲೋಟ ಬೆಳಗಿ, ಒಂದು ಕಣ್ಣು ಮುಚ್ಚಿ, ಲೋಟವನ್ನು ಕಿಟಕಿಯ ಬೆಳಕಿಗೆ ಹಿಡಿದು ಅಂಚಿನ ಸುತ್ತ ನೋಡುತ್ತಿದ್ದರು. ಸರಿಬಾರದಿದ್ದರೆ ಮತ್ತೆ ಬೂದಿ.

"ತುಟಿ ಗುರುತು ಇರಬಾರ್ದು ಅಮ್ಮಣ್ಣಿ" ಎನ್ನುತ್ತಿದ್ದರು. "ಹೋದೋನ ತುಟಿ ಹೋಗ್ಬೇಕು, ಬರೋನ ತುಟಿಗೆ ಜಾಗ ಆಗ್ಬೇಕು."

ಅವರ ಕಾಫಿಯೇನೂ ಅಮೃತವಲ್ಲ. ಒಳ್ಳೆಯ ಬೀಜವೆಲ್ಲ, ಎಲ್ಲರ ಕಾಫಿಯನ್ನೂ ಒಟ್ಟುಮಾಡಿ ಮಾರುವ ಸರ್ಕಾರದ ಪೂಲಿಗೆ ಹೋಗುತ್ತಿತ್ತು. ಕಾಫಿ ಬೆಳೆಯುವ ಊರಿನಲ್ಲಿ ನಮಗೆ ಸಿಗುತ್ತಿದ್ದದ್ದು ಕರಿಬೀಜ, ಒಡಕಲು ಬೀಜ. ಅದನ್ನೇ ಅವರು ಹದವಾಗಿ ಹುರಿದು, ಬಟ್ಟೆಯಲ್ಲಿ ಸೋಸಿ, ಬೆಲ್ಲ ಹಾಕಿ ಕೊಡುತ್ತಿದ್ದರು. ಬಿಸಿಯಾಗಿರುತ್ತಿತ್ತು. ಲೋಟ ಚಿನ್ನದ ಹಾಗೆ ಹೊಳೆಯುತ್ತಿತ್ತು.

ಬ್ರಿಟಿಷರ ಕಾಲದಲ್ಲಿ ಜೈಲಿಗೆ ಹೋಗಿ ಬಂದವರು. ಒಳಗಿದ್ದಾಗ ಹೆಂಡತಿ ಜ್ವರದಲ್ಲಿ ತೀರಿಹೋದರು. ಹೊರಗೆ ಬರುವಷ್ಟರಲ್ಲಿ ಕೊಡ್ಲಿಪೇಟೆ ಕಡೆಯ ಊರಿನಲ್ಲಿದ್ದ ಗದ್ದೆಯನ್ನು ತಮ್ಮಂದಿರು ತಮ್ಮದು ಮಾಡಿಕೊಂಡಿದ್ದರು. ಅವರ ಜೊತೆಗೆ ಜೈಲಿಗೆ ಹೋಗಿದ್ದ ಓದಿದವರಿಗೆಲ್ಲ ಒಂದೊಂದು ಕುರ್ಚಿ ಸಿಕ್ಕಿತು. ಓದು ಬಾರದ ಗುರುಶಾಂತಪ್ಪನವರಿಗೆ ಈ ಒಲೆ. "ಪಾರ್ಟಿ ನಂಗೆ ಒಲೆ ಕೊಟ್ಟೈತೆ" ಎಂದು ಅವರು ಹೇಳುತ್ತಿದ್ದದ್ದು ಮಂತ್ರಿಗಿರಿ ಕೊಟ್ಟಿದೆ ಎನ್ನುವ ಧಾಟಿಯಲ್ಲಿ. ರಾತ್ರಿ ಮಲಗುವುದೂ ಆ ಒಲೆಯ ಹಿಂದೆಯೇ. ಆ ಕ್ಲಬ್ಬು ಬಿಟ್ಟರೆ ಅವರಿಗೆ ಹೋಗಲು ಇನ್ನೊಂದು ಮನೆ ಇರಲಿಲ್ಲ. ಇದು ಪಕ್ಷದವರಿಗೆಲ್ಲ ಗೊತ್ತಿತ್ತು.

ಚುನಾವಣೆಗೆಂದು ಪಕ್ಷ ಒಂದು ಕರಪತ್ರ ಅಚ್ಚು ಹಾಕಿಸಿತು. ಗೆದ್ದರೆ ಏನೇನು ಮಾಡುತ್ತೇವೆ ಎಂಬ ಒಂಬತ್ತು ಕಲಮು. ಗುರುಶಾಂತಪ್ಪ ಒಂದು ಪ್ರತಿಯನ್ನು ಕೈ ಒರೆಸಿಕೊಂಡು ಹಿಡಿದು ತಂದು ನನ್ನ ಮುಂದಿಟ್ಟರು.

"ಓದಿ ಹೇಳಿ ಅಮ್ಮಣ್ಣಿ. ನಮ್ಮದೇ ಪಾರ್ಟಿ ಏನ್ ಹೇಳ್ತದೆ ಅಂತ ನಂಗೇ ಗೊತ್ತಿಲ್ದಿದ್ರೆ ಹೆಂಗೆ?"

ಓದಿದೆ. ಒಂದನೆಯದು ರಸ್ತೆ, ಎರಡನೆಯದು ಶಾಲೆ. ಮೂರನೆಯದು, ಜಾತಿಯ ಕಾರಣಕ್ಕಾಗಿ ಯಾರನ್ನೂ ಕೆರೆ, ಬಾವಿ, ಗುಡಿ, ಹೋಟೆಲುಗಳಿಂದ ದೂರ ಇಡತಕ್ಕದ್ದಲ್ಲ ಎಂಬುದು. ಅಲ್ಲಿ ನಿಲ್ಲಿಸಿದರು.

"ಹೋಟ್ಲು ಅಂತ ಐತಾ?"

"ಇದೆ."

"ಅಚ್ಚಾಗೈತಾ?"

"ಅಚ್ಚಾಗಿದೆ, ನೋಡಿ ಇಲ್ಲಿ."

ನಾನು ಬೆರಳಿಟ್ಟ ಜಾಗವನ್ನು ಅವರು ಬಗ್ಗಿ ನೋಡಿದರು. ಆ ಸಾಲನ್ನು ಬರೆದವರು ನಮ್ಮ ಯಜಮಾನರು. ಮಡಿಕೇರಿಯಿಂದ ಬಂದ ಕರಡಿನಲ್ಲಿ ಹೋಟೆಲು ಇರಲಿಲ್ಲ. ಸಾಲು ಚಿಕ್ಕದಾಯಿತು, ಬಾಯ್ತುಂಬ ಓದಲು ಆಗುವುದಿಲ್ಲ ಎಂದು ಇವರು ಸೇರಿಸಿದ್ದರು.

ಆಗ ಎಲ್ಲ ಕ್ಲಬ್ಬುಗಳ ಹಾಗೆ ನಮ್ಮ ಪಕ್ಷದ ಕ್ಲಬ್ಬಿನಲ್ಲೂ ಹೊರಗೋಡೆಯ ಮೇಲೆ ತೆಂಗಿನ ಚಿಪ್ಪುಗಳ ಒಂದು ಸಾಲು ಬೋರಲು ಬಿದ್ದಿರುತ್ತಿತ್ತು. ಎಸ್ಟೇಟಿನ ಲೈನುಗಳಿಂದ, ಅಂದರೆ ಆಳುಮನೆಗಳ ಸಾಲುಗಳಿಂದ, ಬರುವ ಕೂಲಿಯವರಲ್ಲಿ ಊರಿನವರು ಮುಟ್ಟಿಸಿಕೊಳ್ಳದ ಜಾತಿಯವರು ಬಂದರೆ, ತಾವೇ ಚಿಪ್ಪು ತೆಗೆದುಕೊಂಡು ಹಿಡಿಯಬೇಕು. ಮೇಲಿನಿಂದ ಕಾಫಿ ಹೊಯ್ಯುತ್ತಾರೆ. ಕುಡಿದು, ತೊಳೆದು, ಮತ್ತೆ ಬೋರಲು ಹಾಕಿ ಹೋಗಬೇಕು. ನಾನು ಹುಟ್ಟಿದಾಗಿನಿಂದ ನೋಡಿದ್ದು ಅದೇ. ಕಾನ್ವೆಂಟಿನ ದಾರಿಯಲ್ಲಿದ್ದ ಹೋಟೆಲಿನ ಗೋಡೆಯ ಮೇಲೂ ಅವಿದ್ದವು. ದೇವರ ಮುಂದೆ ಎಲ್ಲರೂ ಒಂದೇ ಎಂದು ಪಾಠ ಹೇಳಿಸಿಕೊಂಡು ಅದೇ ದಾರಿಯಲ್ಲಿ ಮನೆಗೆ ಬರುತ್ತಿದ್ದೆವು.

ಕರಪತ್ರ ಓದಿದ ಮೇಲೆ ಮುಂದಿನ ಸಲ ಹೋದಾಗ ಗೋಡೆ ಖಾಲಿ. ಒಲೆಯಲ್ಲಿ ಚಿಪ್ಪುಗಳು ಉರಿಯುತ್ತಿದ್ದವು.

"ಚಿಪ್ಪು ಚೆಂದಾಗಿ ಉರೀತದೆ ಅಮ್ಮಣ್ಣಿ. ಇಷ್ಟು ವರ್ಷ ಸುಮ್ನೆ ಗೋಡೆ ಮೇಲೆ ಇಟ್ಕಂಡಿದ್ವಿ" ಎಂದರು.

ಅವತ್ತಿನಿಂದ ಎಲ್ಲರಿಗೂ ಹಿತ್ತಾಳೆ ಲೋಟ, ಎಲ್ಲರಿಗೂ ಬೆಂಚು. ಯಾರಾದರೂ ಮುಖ ಸಿಂಡರಿಸಿದರೆ ಒಂದೇ ಮಾತು: "ಮೂರನೇದು ನೋಡಿ." ಉಳಿದ ಕಲಮುಗಳು ಅವರಿಗೆ ಕಲಸಿಹೋಗುತ್ತಿದ್ದವು. ರಸ್ತೆಯನ್ನು ಏಳನೆಯದಕ್ಕೂ ಆಸ್ಪತ್ರೆಯನ್ನು ಒಂದನೆಯದಕ್ಕೂ ಹಾಕುತ್ತಿದ್ದರು. ಮೂರನೆಯದು ಮಾತ್ರ ಅಕ್ಷರ ಅಕ್ಷರ ಬರುತ್ತಿತ್ತು.

ಒಂದು ಸಂತೆಯ ದಿನ ಹತ್ತಿರದ ಎಸ್ಟೇಟೊಂದರಲ್ಲಿ ಆಳುಗಳ ಲೆಕ್ಕ ಬರೆಯುವ ರೈಟರು ಬಂದರು. ಅವರದೇ ಲೈನಿನ ಚೌಡ ಎಂಬ ಆಳು ಬೆಂಚಿನ ಮೇಲೆ ಕೂತು ಕಾಫಿ ಕುಡಿಯುತ್ತಿದ್ದ. ರೈಟರನ್ನು ಕಂಡು ಅವನು ಅರ್ಧ ಎದ್ದ. ಲೋಟ ಎಲ್ಲಿಡಬೇಕೆಂದು ತಿಳಿಯದೆ ಎದೆಗೆ ಒತ್ತಿ ಹಿಡಿದುಕೊಂಡ.

"ಕೂತ್ಕೊಳ್ಳೋ ಚೌಡ, ಚೆಲ್ತದೆ" ಎಂದರು ಗುರುಶಾಂತಪ್ಪ.

"ಏನ್ರೀ ಇದು, ನನ್ನ ಆಳು ಕೂತ್ಕಂಡು ನಾನು ನಿಂತ್ಕಬೇಕಾ?" ಎಂದರು ರೈಟರು.

"ಕಾಫಿ ಪಿಕಿಂಗ್ ಟೈಮಲ್ಲಿ ಅವ್ನು ದಿನವೆಲ್ಲ ನಿಂತಿರ್ತಾನಲ್ಲ ರೈಟ್ರೇ, ನೀವೊಂದ್ ಗಳಿಗೆ ನಿಂತ್ರೆ ಏನಾಯ್ತು. ನಿಮ್ಮ ಕಾಫಿ ಆರಕ್ಕೆ ಬಿಡಾಕಿಲ್ಲ ನಾನು."

ಕೂತಿದ್ದವರು ನಕ್ಕರು. ರೈಟರೂ ನಕ್ಕರು, ಮೇಲುಮೇಲಕ್ಕೆ. ಆಮೇಲೆ ಅವರು ಬರಲಿಲ್ಲ. ಅವರ ಹಿಂದೆಯೇ ಎಸ್ಟೇಟಿನ ಇತರರು ಬರುವುದನ್ನು ನಿಲ್ಲಿಸಿದರು, ಬಟ್ಟೆ ಅಂಗಡಿಯವರು ನಿಲ್ಲಿಸಿದರು, ದಿನಕ್ಕೆ ಮೂರು ಸಲ ಬರುತ್ತಿದ್ದ ನಮ್ಮವರೇ ಕೆಲವರು ಹೊಟ್ಟೆ ಸರಿಯಿಲ್ಲ ಎನ್ನತೊಡಗಿದರು. ಬೆಂಚಿನ ಮೇಲೆ ಸಂತೆಯ ದಿನ ಮಾತ್ರ ಜನ, ಅದೂ ಲೈನಿನವರು. ಕಿಟಕಿಯಿಂದ ನೋಡುತ್ತ ಕೂತ ನನಗೆ ಇದು ಕಂಡಿತು. ಗುರುಶಾಂತಪ್ಪನವರಿಗೂ ಕಂಡಿರಬೇಕು, ಆದರೆ ಅವರು ಅರ್ಥ ಮಾಡಿಕೊಂಡದ್ದು ಬೇರೆ ಥರ. "ಏಲಕ್ಕಿ ಕೊಯ್ಲಲ್ವಾ ಅಮ್ಮಣ್ಣಿ, ಪುರುಸೊತ್ತಿಲ್ಲ ಜನಕ್ಕೆ" ಎಂದರು.

ಆಮೇಲೆ ಮಡಿಕೇರಿಯಿಂದ ಒಬ್ಬ ದೊಡ್ಡ ಮುಖಂಡರು ಭಾಷಣಕ್ಕೆ ಬಂದರು. ಗುರುಶಾಂತಪ್ಪ ಅವತ್ತು ಒಂದೇ ತಟ್ಟೆಯಲ್ಲಿ ಎರಡು ಲೋಟ ಇಟ್ಟುಕೊಂಡು ಬಂದು ಒಂದನ್ನು ಮುಖಂಡರಿಗೂ ಇನ್ನೊಂದನ್ನು ಪಕ್ಕದಲ್ಲಿ ಕೂರಿಸಿದ್ದ ಚೌಡನಿಗೂ ಕೊಟ್ಟರು. ಮುಖಂಡರು ಚೌಡನ ಹೆಗಲ ಮೇಲೆ ಕೈಯಿಟ್ಟು, "ನೋಡಿ, ಇದೇ ನಮ್ಮ ಪಕ್ಷ" ಎಂದರು. ಜೋರಾಗಿ ಚಪ್ಪಾಳೆ ಬಿತ್ತು. ನಾನೂ ಒಳಗೆ ತಟ್ಟಿದೆ. ಎಲ್ಲರೂ ಹೋದ ಮೇಲೆ ಕಿಟಕಿಯಿಂದ ನೋಡಿದರೆ, ಮುಖಂಡರ ಲೋಟ ತುಂಬಿದ ಹಾಗೆಯೇ ಇತ್ತು. ಕೆನೆ ಕಟ್ಟಿತ್ತು. ಅಂಚಿನಲ್ಲಿ ತುಟಿಯ ಗುರುತೇ ಇಲ್ಲ.

ಗುರುಶಾಂತಪ್ಪ ಅದನ್ನು ಎತ್ತಿಕೊಂಡು ಒಂದು ಗಳಿಗೆ ನೋಡಿದರು. "ಭಾಷಣ ಮಾಡಿ ಗಂಟ್ಲು ಕಟ್ಟಿರ್ಬೇಕು, ಪಾಪ" ಎಂದು, ಕೆನೆ ಸರಿಸಿ, ತಣ್ಣಗಾದ ಕಾಫಿಯನ್ನು ತಾವೇ ಕುಡಿದರು.

ಚುನಾವಣೆ ಹತ್ತಿರ ಬಂತು. ಒಂದು ದಿನ ನಮ್ಮ ಮನೆಯ ಜಗಲಿಯಲ್ಲಿ ಪಕ್ಷದ ನಾಲ್ಕು ಜನ ಕೂತರು. ಬೈದಾಡಿದರು. ಪ್ಲಾಂಟರುಗಳ ಓಟು ಹೋಗುತ್ತದೆ, ಅಂಗಡಿಬೀದಿಯ ಓಟು ಹೋಗುತ್ತದೆ, ಆ ಮುದುಕನಿಗೆ ಹೇಳುವವರು ಯಾರು. ಯಜಮಾನರು ಒಮ್ಮೆ ಹೇಳಿ ನೋಡಿದ್ದರಂತೆ. "ಮೂರನೇದು ನೋಡಿ ಯಜಮಾನ್ರೇ" ಎಂದು ಅವರಿಗೇ ತಿರುಗಿ ಸಿಕ್ಕಿತ್ತು. ಬಂದವರು ಹೋದ ಮೇಲೆ ಇವರು ಒಂದು ಕಾಗದವನ್ನು ನನ್ನ ಕೈಗೆ ಕೊಟ್ಟರು. ಮಡಿಕೇರಿಯ ಕಚೇರಿಗೆ ದೂರು, ಕನ್ನಡದಲ್ಲಿ ಗೀಚಿದ್ದು. ಕಂಡಕಂಡ ಜಾತಿಯವರನ್ನು ಒಳಗೆ ಕೂರಿಸಿ, ಅವರ ಎಂಜಲು ಲೋಟವನ್ನು ಮರ್ಯಾದಸ್ಥರಿಗೆ ಕೊಡುತ್ತಾನೆ, ಇವನನ್ನು ತೆಗೆಯದಿದ್ದರೆ ಈ ಊರಿನಲ್ಲಿ ಪಕ್ಷ ಮುಳುಗಿತು ಎಂದಿತ್ತು.

"ಇದನ್ನ ಹೀಗೇ ಬರೆಯಕ್ಕಾಗುತ್ತಾ?" ಎಂದೆ.

"ಅದಕ್ಕೇ ನಿನ್ನ ಕೈಗೆ ಕೊಟ್ಟಿದ್ದು" ಎಂದರು.

ಬರೆಯುವುದಿಲ್ಲ ಎನ್ನಬಹುದಾಗಿತ್ತು. ಆ ಮಾತು ನನಗೆ ಹೊಳೆಯಲೇ ಇಲ್ಲ. ನನಗೆ ಹೊಳೆದದ್ದು, ಇಷ್ಟು ಒರಟು ಕಾಗದ ನನ್ನ ಅಕ್ಷರದಲ್ಲಿ ಹೋಗಬಾರದು ಎಂದು. ಕಾನ್ವೆಂಟಿನಲ್ಲಿ ಕಾಗದ ಬರೆಯುವುದನ್ನು ಕಲಿಸಿದ ಮದರ್ ಹೇಳುತ್ತಿದ್ದರು: ಕೆಟ್ಟ ಸುದ್ದಿಯನ್ನು ಮೊದಲ ಸಾಲಿನಲ್ಲಿ ಬರೆಯಬಾರದು, ಮೊದಲು ಗುಣ ಹೇಳಬೇಕು, ಯಾರ ಮನಸ್ಸನ್ನೂ ನೋಯಿಸಬಾರದು. ಹಾಗೆಯೇ ಬರೆದೆ. ಶ್ರೀ ಗುರುಶಾಂತಪ್ಪನವರ ತ್ಯಾಗ, ಜೈಲುವಾಸ, ಪ್ರಾಮಾಣಿಕತೆ. ಈಗ ವಯಸ್ಸು. ಕಣ್ಣು ಮಂಜಾಗಿ ಪಾತ್ರೆಗಳ ಶುಚಿತ್ವಕ್ಕೆ ಗಮನ ಕೊಡಲು ಕಷ್ಟವಾಗುತ್ತಿರುವುದು. ಇಷ್ಟು ದುಡಿದ ಜೀವಕ್ಕೆ ಪಕ್ಷ ಗೌರವದಿಂದ ವಿಶ್ರಾಂತಿ ಕೊಡುವುದು ಉಚಿತ. ಜಾತಿಯ ಮಾತು ಒಂದು ಅಕ್ಷರವೂ ಇರಲಿಲ್ಲ.

ಊರಿನ ಎಲ್ಲ ಕ್ಲಬ್ಬುಗಳಲ್ಲಿ ಅತ್ಯಂತ ಶುಚಿಯಾದ ಲೋಟದ ಬಗ್ಗೆ ನಾನು ಹೀಗೆ ಬರೆದೆ. ಯಜಮಾನರು ಓದಿಸಿಕೊಂಡು, "ಇಷ್ಟು ಚೆಂದಕ್ಕೆ ಬರೆದ್ರೆ ಅವನಿಗೇ ಖುಷಿಯಾಗ್ತದೆ ಬಿಡು" ಎಂದರು. ನನಗೂ ಸ್ವಲ್ಪ ಹೆಮ್ಮೆಯಾಯಿತು. ಅವರು ಗೀಚಿದ ಹಾಗೆಯೇ ಕಳಿಸಿದ್ದರೆ, ಅಂಥ ಮಾತನ್ನು ಕಚೇರಿಯ ಕಡತದಲ್ಲಿ ಇಟ್ಟುಕೊಳ್ಳಲು ಮಡಿಕೇರಿಯವರಿಗೆ ನಾಚಿಕೆಯಾಗುತ್ತಿತ್ತೇನೋ. ನಾಚಿಕೆಗೆ ಜಾಗವೇ ಇಲ್ಲದ ಹಾಗೆ ಮಾಡಿಕೊಟ್ಟವಳು ನಾನು.

ಯಜಮಾನರು ನಾಲ್ಕು ರೊಟ್ಟಿ ತಿಂದ ಆ ಸೋಮವಾರ ನಾನು ಹಿತ್ತಲ ಬಾಗಿಲಿಂದ ಒಳಗೆ ಹೋದಾಗ ಗುರುಶಾಂತಪ್ಪ ಒಲೆಯ ಮುಂದೆ ಇರಲಿಲ್ಲ. ನನ್ನ ಕೋಣೆಯಲ್ಲಿ, ನೆಲದ ಮೇಲೆ, ಒಂದು ಲಕೋಟೆ ಹಿಡಿದುಕೊಂಡು ಕೂತಿದ್ದರು.

"ಟಪಾಲಲ್ಲಿ ಬಂತು ಅಮ್ಮಣ್ಣಿ. ನನ್ನ ಹೆಸರಿಗೆ. ಜೈಲಿಂದ ಬಂದ್ಮೇಲೆ ನಂಗೆ ಕಾಗ್ದ ಬಂದಿದ್ದು ಇದೇ ಮೊದ್ಲು. ಓದಿ."

ಟೈಪು ಮಾಡಿದ ಇಂಗ್ಲಿಷು. ಮೇಲೆ ಪಕ್ಷದ ಮೊಹರು, ಮಡಿಕೇರಿಯ ಇಂಗ್ಲಿಷ್ ಹೆಸರು ಮರ್ಕೆರಾ ಎಂದು. ಎರಡನೆಯ ಸಾಲಿಗೇ ಗುರುತು ಹತ್ತಿತು. ನನ್ನ ವಾಕ್ಯಗಳು. ಒಂದೆರಡು ಪದ ಅತ್ತಿತ್ತ ಮಾಡಿ, ನನ್ನ ಕಾಗದವನ್ನೇ ಅವರ ಹೆಸರಿಗೆ ತಿರುಗಿಸಿ ಕಳಿಸಿದ್ದರು.

ಕನ್ನಡ ಮಾಡುತ್ತ ಓದಿದೆ. ತ್ಯಾಗ ಎಂದಾಗ ಅವರು ತಲೆ ತಗ್ಗಿಸಿದರು. ಜೈಲು ಎಂದಾಗ, "ಅದನ್ನೂ ಬರ್ದವ್ರಾ?" ಎಂದರು. ಪಾತ್ರೆಯ ಮಾತನ್ನು ಹಾರಿಸಿಬಿಟ್ಟೆ. ಅದೊಂದನ್ನು ಅವರ ಮುಖ ನೋಡಿಕೊಂಡು ಓದುವುದು ನನ್ನಿಂದಾಗಲಿಲ್ಲ. ಕೊನೆಗೆ ಹೇಳಿದೆ: "ಇವತ್ತಿಂದ ನಿಮಗೆ ವಿಶ್ರಾಂತಿ ಕೊಟ್ಟಿದ್ದಾರೆ. ಹೊಸಬರು ಬರ್ತಾರಂತೆ."

ಒಲೆಯ ಮೇಲೆ ಹಾಲು ಉಕ್ಕುವ ಸದ್ದಾಯಿತು. ಗುರುಶಾಂತಪ್ಪ ಎದ್ದು ಹೋಗಿ ಇಳಿಸಿ ಬಂದರು.

"ಮೂರನೇದರ ಬಗ್ಗೆ ಏನಾರ ಬರ್ದವ್ರಾ?"

"ಇಲ್ಲ."

"ಬರ್ದೋರು ಯಾರು?"

"ಕಾರ್ಯದರ್ಶಿಗಳ ಸಹಿ ಇದೆ. ಮಡಿಕೇರಿಯವರು."

ಅದು ಸುಳ್ಳಲ್ಲ. ಸಹಿ ಅವರದೇ.

"ಒಳ್ಳೆ ಮನುಷ್ಯ ಇರ್ಬೇಕು" ಎಂದರು ಗುರುಶಾಂತಪ್ಪ. "ಚೆಂದಾಗಿ ಬರ್ದವ್ರೆ. ನಾನು ಬೈದಿರ್ತಾರೆ ಅಂದ್ಕಂಡಿದ್ದೆ. ಅವ್ರಿಗೆ ಗೊತ್ತಿಲ್ಲ ಅಷ್ಟೆ, ನನ್ ಕೈಕಾಲು ಗಟ್ಟಿ ಅವೆ ಅಂತ. ಒಂದು ಉತ್ರ ಬರ್ಕೊಡಿ ಅಮ್ಮಣ್ಣಿ. ನಂಗೆ ದಣಿವಾಗಿಲ್ಲ, ಇನ್ನೈದು ವರ್ಷ ಒಲೆ ಮುಂದೆ ನಿಲ್ತೀನಿ, ಇಲ್ಲೇ ಇರಕ್ಕೆ ಬಿಡಿ ಅಂತ."

ನಾನಾಗ ಹೇಳಬೇಕಾಗಿತ್ತು. ಲೇಖನಿ ಎತ್ತಿಕೊಂಡು ಉತ್ತರ ಬರೆದೆ. ಅದನ್ನೂ ಚೆನ್ನಾಗಿಯೇ ಬರೆದೆ. ಅವರು ಹೆಬ್ಬೆರಳಿಗೆ ಮಸಿ ಹಚ್ಚಿಕೊಂಡು ಒತ್ತಿ, ಒಣಗುವವರೆಗೆ ಊದುತ್ತ ಕೂತರು.

ಮಸಿ ಒಣಗುವಷ್ಟರಲ್ಲಿ ಯಜಮಾನರು ಹೊಸಬನನ್ನು ಕರೆದುಕೊಂಡು ಬಂದರು. ಹಾಸನದ ಕಡೆಯವನು, ತಲೆಗೆ ಎಣ್ಣೆ ಹಚ್ಚಿ ನೀಟಾಗಿ ಬಾಚಿದ್ದ. ಅವನ ಕಂಕುಳಲ್ಲಿ ಹಗ್ಗಕ್ಕೆ ಪೋಣಿಸಿದ ತಗಡಿನ ಡಬ್ಬಿಗಳ ಒಂದು ಸರ. ಯಾರೂ ಹೇಳದೆಯೇ ಅವನು ಅವನ್ನು, ಮೊದಲು ಚಿಪ್ಪುಗಳಿದ್ದ ಹೊರಗೋಡೆಯ ಮೊಳೆಗೆ ನೇತುಹಾಕಿದ.

ಗುರುಶಾಂತಪ್ಪ ಆ ಮೊಳೆಯ ಕಡೆ ನೋಡಿದರು. ಆಮೇಲೆ ನಮ್ಮ ಯಜಮಾನರಿಗೆ ಕಾಗದ ಕೊಟ್ಟರು.

"ಇದನ್ನ ಮಡಿಕೇರಿಗೆ ಮುಟ್ಟಿಸಿ ಯಜಮಾನ್ರೇ. ಉತ್ರ ಬರೋಗಂಟ ಊರಲ್ಲಿ ತಮ್ಮನ ಜಗಲೀಲಿರ್ತೀನಿ."

ಯಜಮಾನರು ಕಾಗದ ಬಿಚ್ಚಿ ಅಕ್ಷರ ನೋಡಿದರು, ನನ್ನನ್ನು ನೋಡಿದರು. "ಆಗ್ಲಿ, ಕಳಿಸೋಣ" ಎಂದು ಕೋಟಿನ ಜೇಬಿಗೆ ಹಾಕಿಕೊಂಡರು.

ಒಂದು ಚೀಲ, ಒಂದು ಕಂಬಳಿ. ಒಲೆಯ ಮೇಲೆ ಡಿಕಾಕ್ಷನ್ ಕುದಿಯುತ್ತಿತ್ತು. "ಇನ್ನೊಂದ್ ಕುದಿ ಬೇಕು, ಅವಸರ ಮಾಡ್ಬೇಡಪ್ಪ" ಎಂದು ಹೊಸಬನಿಗೆ ಹೇಳಿ ಹೊರಟರು. ಸಂತೆಗೆ ಬಂದಿದ್ದ ಚೌಡ ಬೀದಿಯಲ್ಲಿ ಸಿಕ್ಕಿ ಚೀಲ ಇಸಿದುಕೊಂಡು ಬಸ್ಸಿನವರೆಗೂ ಹೋದನಂತೆ. ನಾನು ನೋಡಲಿಲ್ಲ. ಬೀದಿಯ ಕಡೆಯ ಬಾಗಿಲಿಗೆ ಹೋಗಿ ನಿಲ್ಲುವ ಅಭ್ಯಾಸ ನನಗಿರಲಿಲ್ಲ.

ಮುಂದೆ ಕೋಟು ಒಗೆಯಲು ತೆಗೆದಾಗ ಆ ಕಾಗದ ಜೇಬಿನಲ್ಲೇ ಸಿಕ್ಕಿತು. ಹೆಬ್ಬೆಟ್ಟಿನ ಗೆರೆಗಳು ಅಳಿಯದೆ ಹಾಗೇ ಇದ್ದವು. ಅಂಚೆಪೆಟ್ಟಿಗೆ ನಮ್ಮ ಮನೆಯಿಂದ ಐವತ್ತು ಹೆಜ್ಜೆ. ನಾನೂ ಹಾಕಲಿಲ್ಲ. ಮಳೆಗಾಲ ಕಳೆಯುವ ಹೊತ್ತಿಗೆ ಗುರುಶಾಂತಪ್ಪ ತಮ್ಮನ ಜಗಲಿಯಲ್ಲೇ ತೀರಿಕೊಂಡರು ಎಂದು ಕೊಡ್ಲಿಪೇಟೆಯಿಂದ ಬಂದವರು ಯಾರೋ ಹೇಳಿದರು. ಟಪಾಲಿನವನು ಬಂದಾಗಲೆಲ್ಲ ಎದ್ದು ಕೂರುತ್ತಿದ್ದರಂತೆ.

ಆದರೆ ಇದೆಲ್ಲ ಆಮೇಲಿನ ಮಾತು. ಆ ಸೋಮವಾರ ನಾನು ಮನೆಗೆ ಬಂದು, ಅನ್ನಕ್ಕಿಟ್ಟು, ಒಣಗಿದ ಬಟ್ಟೆ ಮಡಿಸಿದೆ. ದೀಪ ಹಚ್ಚುವ ಹೊತ್ತಿಗೆ ಪಕ್ಕದ ಮನೆಯ ಗೌರಮ್ಮ, ಬಟ್ಟೆ ಅಂಗಡಿಯವರ ಹೆಂಡತಿ, ಹೆಪ್ಪಿಗೆ ಮಜ್ಜಿಗೆ ಕೇಳಿಕೊಂಡು ಬೇಲಿಯ ಹತ್ತಿರ ಬಂದರು. ಬಟ್ಟಲಿಗೆ ಹೊಯ್ದುಕೊಟ್ಟೆ. ಹೋಗುತ್ತ ಹೋಗುತ್ತ, ಬೇಲಿಯ ಮುಳ್ಳಿಗೆ ಸಿಕ್ಕಿಕೊಂಡ ಸೆರಗನ್ನು ಬಿಡಿಸಿಕೊಳ್ಳುತ್ತ ಹೇಳಿದರು:

"ನಮ್ಮೋರು ಎಷ್ಟೋ ದಿನದ ಮೇಲೆ ಇವತ್ತು ಪಾರ್ಟಿ ಕ್ಲಬ್ಬಲ್ಲಿ ಕೂತು ಕಾಫಿ ಕುಡ್ಕಂಡು ಬಂದ್ರು ಕಣ್ರೀ. ಆ ಮುದುಕಪ್ಪನಿಗೆ ಯಾರೋ ಪುಣ್ಯಾತ್ಮರು ಮಡಿಕೇರಿಗೆ ಹೇಳಿ ರಜ ಕೊಡಿಸಿದಾರಂತೆ. ಪಾಪ, ಅವ್ರಿಗೂ ವಯಸ್ಸಾಗಿತ್ತಲ್ವಾ."